ಹೋದ ವರ್ಷ ಕೂಗಿದ್ದು ಇದೇ ಹಕ್ಕಿಯೇ?

ಮೊಬೈಲ್ ಎತ್ತಿ ಹಿಡಿದರೆ ಸಾಕು, ಮರದಲ್ಲಿ ಕೂಗುತ್ತಿರುವುದು ಯಾವ ಹಕ್ಕಿಯೆಂದು ಮರ್ಲಿನ್ ಆ್ಯಪ್ ಹೇಳಿಬಿಡುತ್ತದೆ. ಇನ್ನು ಕೂಗಿನ ಅಧ್ಯಯನದಲ್ಲಿ ಮಾಡಲಿಕ್ಕೆ ಏನುಳಿದಿದೆ ಎಂದು ಕೇಳುವವರು ಈಗ ವಿಚಾರ ಸಂಕಿರಣಗಳಲ್ಲೂ ಸಿಗುತ್ತಾರೆ. ಆದರೆ ಅಳಿವಿನಂಚಿನ ಹಕ್ಕಿಯ ವಿಷಯದಲ್ಲಿ ಜಾತಿ ಯಾವುದೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಎಷ್ಟು ಉಳಿದಿವೆ, ಹೋದ ವರ್ಷದವುಗಳಲ್ಲಿ ಎಷ್ಟು ಬದುಕಿವೆ ಎಂಬುದೇ ಪ್ರಶ್ನೆ. ಅದಕ್ಕೆ ಒಂದೊಂದೇ ಹಕ್ಕಿಯನ್ನು ದನಿಯಿಂದ ಗುರುತಿಸಬೇಕು.

ಧ್ವನಿಯನ್ನು ಕಾಗದದ ಮೇಲೆ ಮೂಡಿಸುವ ಸ್ಪೆಕ್ಟ್ರೋಗ್ರಾಫ್ 1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂತು. ಮುಂದಿನ ದಶಕದಲ್ಲಿ ಕೇಂಬ್ರಿಜ್‌ನ ಥೋರ್ಪ್ ಅದರಿಂದ ಚಾಫಿಂಚ್ ಹಕ್ಕಿಯ ಹಾಡನ್ನು ಬಿಡಿಸಿ ನೋಡಿದರು. ಅವರ ಕುತೂಹಲ ಹಕ್ಕಿ ಹಾಡು ಕಲಿಯುವ ಬಗೆಯ ಮೇಲಿತ್ತು. ದನಿಯ ಗುರುತು ಸಂರಕ್ಷಣೆಗೆ ಒದಗೀತೆಂದು ಸಾಂಡರ್ಸ್ ಮತ್ತು ವೂಲರ್ ಬರೆದದ್ದು 1988ರಲ್ಲಿ.

ಆ ಮಾತನ್ನು ಕಾರ್ಯಕ್ಕಿಳಿಸಿದವರು 1990ರ ದಶಕದ ಬ್ರಿಟನ್ನಿನ ಪೀಟರ್ ಮೆಕ್‌ಗ್ರೆಗರ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡ ಹಕ್ಕಿಗಳಲ್ಲೊಂದು ಬಿಟರ್ನ್, ಜೊಂಡಿನೊಳಗೆ ಅಡಗಿ ಕಿಲೋಮೀಟರುಗಟ್ಟಲೆ ದೂರಕ್ಕೆ ಮೊಳಗುವ ಬಕದ ಬಳಗದ್ದು. 1997ರಲ್ಲಿ ಬ್ರಿಟನ್ನಿನಲ್ಲಿ ಮೊಳಗುತ್ತಿದ್ದ ಗಂಡುಗಳು ಬರೀ 11. ಅಷ್ಟರಲ್ಲಿ ಒಂದನ್ನು ಎರಡು ಸಲ ಎಣಿಸಿದರೂ ಲೆಕ್ಕ ಕೆಟ್ಟಂತೆಯೇ. ಇನ್ನೊಂದು, ಹುಲ್ಲುಗಾವಲಲ್ಲಿ ರಾತ್ರಿಯಿಡೀ ಕರಕರ ಎನ್ನುವ ಕಾರ್ನ್‌ಕ್ರೇಕ್. ಅದರ ಕೂಗನ್ನು ಸ್ಪೆಕ್ಟ್ರೋಗ್ರಾಮಿನಲ್ಲಿ ಹಿಗ್ಗಿಸಿದರೆ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಮಿಡಿತಗಳ ಸಾಲು ಕಾಣುತ್ತದೆ. ಹಲ್ಲು ಹಲ್ಲಿನ ನಡುವಿನ ಅಂತರ ಒಂದು ಗಂಡಿನದು ಇನ್ನೊಂದರದಂತಲ್ಲ. ಪೀಕ್ ಮತ್ತು ಮೆಕ್‌ಗ್ರೆಗರ್ ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆದು ನೋಡಿದಾಗ, ಮಾಮೂಲಿ ಗಣತಿಗೆ ಸಿಕ್ಕವಕ್ಕಿಂತ ಹೆಚ್ಚು ಗಂಡುಗಳು ಲೆಕ್ಕಕ್ಕೆ ಬಂದವು. 2002ರಲ್ಲಿ ದಕ್ಷಿಣ ಆಫ್ರಿಕಾದ ಡೆಲ್‌ಪೋರ್ಟ್, ಕೆಂಪ್ ಮತ್ತು ಫರ್ಗುಸನ್ ಕಾಡುಗೂಬೆಗಳಲ್ಲಿ ಯಾವುದು ನೆಲೆ ಉಳಿಸಿಕೊಂಡಿತು, ಎಲ್ಲಿ ಹೊಸದು ಬಂದು ಕೂತಿತು ಎಂಬುದನ್ನು ವರ್ಷಾನುವರ್ಷ ಕೂಗಿನಿಂದಲೇ ಹಿಂಬಾಲಿಸಿದರು. ಇದನ್ನೆಲ್ಲ ಹಳೇ ಕಾಲದ ಕೈಲೆಕ್ಕವೆಂದು ಒಂದು ಸಾಲಿನಲ್ಲಿ ಮುಗಿಸುವ ಇಂದಿನ ಪ್ರಬಂಧಗಳಲ್ಲಿ ಇಷ್ಟು ತಾಳ್ಮೆ ನನಗೆ ಕಂಡಿಲ್ಲ.

ಗೂಬೆ, ಕಾರ್ನ್‌ಕ್ರೇಕ್‌ಗಳ ಕೂಗು ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ. ಹಾಗಾಗಿ ಸುಲಭಕ್ಕೆ ಬದಲಾಗುವುದಿಲ್ಲ. ಹಾಡುಹಕ್ಕಿಗಳದು ಬೇರೆ ಕತೆ. ಒಂದಕ್ಕೇ ಹತ್ತಾರು ಹಾಡು, ಕೆಲವಂತೂ ವರ್ಷವರ್ಷಕ್ಕೆ ಹೊಸದನ್ನು ಸೇರಿಸಿಕೊಳ್ಳುತ್ತವೆ.

ಆಮೇಲೆ ಆಡಿಯೋಮಾತ್‌ನಂಥ ಅಗ್ಗದ ರೆಕಾರ್ಡರುಗಳು ಬಂದವು, ಯಂತ್ರಕಲಿಕೆ ಬಂತು. 2019ರಲ್ಲಿ ಡ್ಯಾನ್ ಸ್ಟೋವೆಲ್ ತಂಡ ಮೂರು ಜಾತಿಗಳ ಮೇಲೆ ಮಾಡಿದ ಕೆಲಸವನ್ನು ಯಂತ್ರಕಲಿಕೆಯ ನಮ್ಮ ಉತ್ಸಾಹಿಗಳು ಓದಲೇಬೇಕು. ಪ್ರತಿ ಹಕ್ಕಿಯ ನೆಲೆಗೂ ಅದರದೇ ತೊರೆ, ಕೀಟ, ರಸ್ತೆಯ ಸದ್ದು ಇರುತ್ತದೆ. ಯಂತ್ರ ಹಕ್ಕಿಯನ್ನು ಬಿಟ್ಟು ಆ ಸದ್ದನ್ನೇ ಕಲಿತು ನೂರಕ್ಕೆ ತೊಂಬತ್ತು ಅಂಕ ತೆಗೆದುಬಿಡಬಹುದು. ಒಂದರ ಹಿನ್ನೆಲೆಯನ್ನು ಇನ್ನೊಂದರ ಕೂಗಿಗೆ ಬೆರೆಸಿ ಕಲಿಸುವುದು ಅವರು ಕಂಡುಕೊಂಡ ಮದ್ದು. ಆದರೂ ಗೊತ್ತಿರುವ ಇಪ್ಪತ್ತು ಹಕ್ಕಿಗಳಲ್ಲಿ ಇದು ಯಾವುದೆಂದು ಹೇಳುವುದು ಬೇರೆ, ಇದು ಇಪ್ಪತ್ತೊಂದನೆಯದು ಎನ್ನುವುದು ಬೇರೆ. ಕಾಡಿನಲ್ಲಿ ಎದುರಾಗುವುದು ಎರಡನೆಯದೇ.

ನಮ್ಮಲ್ಲಿ? 1986ರಲ್ಲಿ ಕಡಪದ ಕುರುಚಲು ಕಾಡಿನಲ್ಲಿ ಮತ್ತೆ ಪತ್ತೆಯಾದ ಜೆರ್ಡನ್ಸ್ ಕೋರ್ಸರ್‌ನ ಕೂಗು ಮುಂದೆ ರೆಕಾರ್ಡ್ ಆಯಿತು. ಅದನ್ನು ನುಡಿಸಿ ಹಕ್ಕಿ ಇದೆಯೇ ಎಂದು ಹುಡುಕಿದರು. ಇದೆ ಎಂಬಲ್ಲಿಂದ ಎಷ್ಟಿವೆ ಎಂಬಲ್ಲಿಗೆ ದೂರವಿದೆ. ಹೌಬಾರಾ ಬಸ್ಟರ್ಡ್ ಗಂಡುಗಳ ಮೊಳಗಿನಲ್ಲಿ ಪ್ರತ್ಯೇಕ ಗುರುತಿದೆಯೆಂದು 2014ರಲ್ಲೇ ತೋರಿಸಿದ್ದಾರೆ. ಬಳ್ಳಾರಿಯ ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟು ಉಳಿದ ಎರೆಭೂತವೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅದೇ ಕುಟುಂಬದ್ದು, ಅದರಲ್ಲೂ ಇದನ್ನು ಪರೀಕ್ಷಿಸಿ ನೋಡಬಹುದು.

ದನಿ ವರ್ಷ ಕಳೆದರೂ ಬದಲಾಗದೆಂದು ನಂಬಲು, ಕಾಲಿಗೆ ಉಂಗುರ ತೊಡಿಸಿದ ಅದೇ ಹಕ್ಕಿಯನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಬೇಕು. ಆದರೆ ಧ್ವನಿಸಂಗ್ರಹಗಳು ಬೆಳೆಯುತ್ತಿರುವುದು ಜಾತಿವಾರು, ಹಕ್ಕಿವಾರು ಅಲ್ಲ. ಒಂದೇ ಹಕ್ಕಿಯ ವರ್ಷಾನುವರ್ಷದ ಧ್ವನಿಮುದ್ರಿಕೆಗಳಿಗೆ ಮೂರು ವರ್ಷದ ಅನುದಾನ ಸಾಲದು. ಇನ್ನು, ಈ ಕ್ಷೇತ್ರ ಬಹುಮಟ್ಟಿಗೆ ಗಂಡಿನ ಕೂಗಿನ ಮೇಲೆ ನಿಂತಿದೆ. ಜೋಡಿಯಾಗಿ ಕೂಗುವ ಗೂಬೆಗಳಂಥ ಕೆಲವನ್ನು ಬಿಟ್ಟರೆ, ಮೊಟ್ಟೆಯಿಡುವ ಹೆಣ್ಣುಗಳು ಎಷ್ಟಿವೆಯೆಂದು ಈ ವಿಧಾನ ಹೇಳುವುದಿಲ್ಲ.