ತ್ರಸರೇಣುವೂ ಕೋಲಾರದ ಗಣಿಯೂ

ಹೆಂಚಿನ ಮನೆಯ ನಡುಮನೆಗೆ ಬೆಳಗಿನ ಹೊತ್ತು ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ಕಾಣದವರು ವಿರಳ. ಸರಗೂರು, ಹೆಗ್ಗಡದೇವನಕೋಟೆಗಳ ಕಡೆಯ ಹಳೆಯ ಮನೆಗಳಲ್ಲಿ ಈಗಲೂ ಮಕ್ಕಳು ಅದನ್ನು ಮುಷ್ಟಿಯಲ್ಲಿ ಹಿಡಿಯಲೆಳಸುವುದುಂಟು. ಆ ಕೋಲಿನೊಳಗೆ ಏರುತ್ತ ಇಳಿಯುತ್ತ ಮಿನುಗುವ ಧೂಳಿಯ ಕಣಕ್ಕೆ ಸಂಸ್ಕೃತದಲ್ಲಿ ತ್ರಸರೇಣುವೆಂದು ಹೆಸರು. ತ್ರಸವೆಂದರೆ ಚಲಿಸುವಂಥದು, ರೇಣುವೆಂದರೆ ಧೂಳಿ. ಬಿಸಿಲುಕೋಲಿನಿಂದ ಆಚೆಗೆ ಸರಿದೊಡನೆ ಅದು ಕಣ್ಣಿಗೆ ಮರೆಯಾಗುವುದು, ಆದರೆ ಇಲ್ಲವಾಗುವುದಿಲ್ಲ. ಕಾಣದಿದ್ದರೂ ಇದೆ ಎಂಬ ಈ ಚಿಕ್ಕ ಅನುಭವದಿಂದ ಒಂದು ದೊಡ್ಡ ವಿಚಾರಪರಂಪರೆಯೇ ಹೊರಟಿತು. ಅದರ ಒಂದು ಕೊನೆಯು ಈಚೆಗೆ ಮೈಸೂರು ಸೀಮೆಯಲ್ಲಿಯೇ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಬಂದು ಮುಟ್ಟಿತೆಂಬುದು ಅನೇಕರಿಗೆ ತಿಳಿಯದು.

ಪ್ರಾಚೀನರು ತ್ರಸರೇಣುವನ್ನು ಮೊದಲು ಬಳಸಿದುದು ವೇದಾಂತಕ್ಕಲ್ಲ, ತಕ್ಕಡಿಗೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಚಿನ್ನ ಬೆಳ್ಳಿಗಳ ತೂಕವನ್ನು ಹೇಳುವಾಗ ಗವಾಕ್ಷಿಯ ಬಿಸಿಲಿನಲ್ಲಿ ಕಾಣುವ ಕಣವನ್ನೇ ಎಲ್ಲ ಮಾನಗಳಿಗೂ ಮೊದಲನೆಯದಾಗಿ ಇಟ್ಟಿದೆ. ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷಾ; ಮೂರು ಲಿಕ್ಷೆಗಳಿಗೆ ಒಂದು ಕರಿಯ ಸಾಸಿವೆ; ಅಂಥವು ಮೂರಕ್ಕೆ ಒಂದು ಬಿಳಿಯ ಸಾಸಿವೆ; ಆರು ಬಿಳಿಯ ಸಾಸಿವೆಗೆ ಒಂದು ಯವ; ಮೂರು ಯವಕ್ಕೆ ಒಂದು ಕೃಷ್ಣಲ, ಎಂದರೆ ನಮ್ಮ ಗುಲಗಂಜಿ. ಲೆಕ್ಕ ಹಾಕಿದರೆ ಒಂದು ಗುಲಗಂಜಿಗೆ ೧,೨೯೬ ತ್ರಸರೇಣುಗಳಾಗುವುವು. ಗುಲಗಂಜಿಯ ತೂಕವು ಸುಮಾರು ೧೨೦ ಮಿಲಿಗ್ರಾಂ ಆದುದರಿಂದ ಈ ಲೆಕ್ಕದ ತ್ರಸರೇಣುವಿನ ತೂಕವು ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗಕ್ಕೆ ಸ್ವಲ್ಪ ಕಡಿಮೆ. ನಿಜವಾದ ಕಣವಾದರೋ, ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಡ್ಡಳತೆಯ ಕಲ್ಲಿನ ಪುಡಿಯೆಂದು ಇಟ್ಟುಕೊಂಡರೆ, ಇದಕ್ಕಿಂತ ೬೦,೦೦೦ ಪಾಲಿಗೂ ಮಿಗಿಲಾಗಿ ಹಗುರ. ಅಕ್ಕಸಾಲಿಗನ ತಕ್ಕಡಿಯಲ್ಲಿ ಯಾರೂ ಎಂದೂ ತ್ರಸರೇಣುವನ್ನು ತೂಗಿರಲಾರರು. ಸ್ಮೃತಿಕಾರನ ಉದ್ದೇಶವೂ ಅದಲ್ಲ. ಕಣ್ಣಿಗೆ ಕಾಣುವುದರಲ್ಲೆಲ್ಲ ಅತಿ ಕಿರಿದಾದುದನ್ನು ಎಲ್ಲೆಯಾಗಿ ನೆಟ್ಟು ಅಲ್ಲಿಂದ ಎಣಿಕೆಯನ್ನು ಪ್ರಾರಂಭಿಸಿದುದೇ ಅವನ ವಿಶೇಷ.

ಆ ಎಲ್ಲೆಯನ್ನು ದಾಟಿದವರು ವೈಶೇಷಿಕರು. ಪಾಠಶಾಲೆಗಳಲ್ಲಿ ಎಳೆಯರಿಗೆ ಓದಿಸುವ ತರ್ಕಸಂಗ್ರಹಕ್ಕೆ ಅನ್ನಂಭಟ್ಟನು ತಾನೇ ಬರೆದ ದೀಪಿಕೆಯಲ್ಲಿ ಈ ವಾದವು ಬಹು ಸಂಕ್ಷೇಪವಾಗಿ ಬಂದಿದೆ. ಬಿಸಿಲಿನ ಕಣವು ಕಣ್ಣಿಗೆ ಕಾಣುವ ದ್ರವ್ಯ. ಕಾಣುವ ದ್ರವ್ಯವೆಲ್ಲ, ಬಟ್ಟೆಯಂತೆ, ಭಾಗಗಳಿಂದ ಕೂಡಿದುದು. ಆದುದರಿಂದ ಈ ಕಣಕ್ಕೂ ಭಾಗಗಳಿರಬೇಕು. ಆ ಭಾಗಗಳಿಗೂ ಭಾಗಗಳುಂಟು. ಹೀಗೆಯೇ ಒಡೆಯುತ್ತ ಹೋದರೆ ಕೊನೆಯೆಲ್ಲಿ? ಕೊನೆಯೇ ಇಲ್ಲವೆಂದರೆ ಮೇರುಪರ್ವತಕ್ಕೂ ಸಾಸಿವೆಕಾಳಿಗೂ ಭಾಗಗಳು ಅನಂತವಾಗಿ, ಎರಡೂ ಸಮಪ್ರಮಾಣವೆಂದು ಒಪ್ಪಬೇಕಾದೀತು. ಆದಕಾರಣ ಒಡೆಯಲಾಗದ ಒಂದು ಪರಮಾಣುವುಂಟು. ಎರಡು ಪರಮಾಣುಗಳು ಕೂಡಿ ದ್ವ್ಯಣುಕ, ಮೂರು ದ್ವ್ಯಣುಕಗಳು ಕೂಡಿ ತ್ರಸರೇಣು ಎಂದು ಅವರು ಸಿದ್ಧಾಂತ ಮಾಡಿದರು. ಅಂದಮೇಲೆ ಒಂದು ಬಿಸಿಲಕಣದಲ್ಲಿ ಇರತಕ್ಕುವು ಆರು ಪರಮಾಣುಗಳು. ಕುಂಬಾರನ ಆವಿಗೆಯಲ್ಲಿ ಹಸಿಯ ಮಡಕೆ ಕೆಂಪಾಗುವುದು ಹೇಗೆಂಬ ಪ್ರಶ್ನೆಯಲ್ಲಿಯೂ ಇವರು ಹಿಂದೆಗೆಯಲಿಲ್ಲ. ಮಡಕೆಯು ಪರಮಾಣುಗಳವರೆಗೆ ಬಿಚ್ಚಿ, ಅವು ಬಣ್ಣ ಬದಲಿಸಿ, ಮರಳಿ ಮಡಕೆಯಾಗುವುದೆಂದು ವೈಶೇಷಿಕರು. ಮಡಕೆಯು ಮಡಕೆಯಾಗಿಯೇ ಇದ್ದು ಬೇಯುವುದೆಂದು ನೈಯಾಯಿಕರು. ಪೀಲುಪಾಕ, ಪಿಠರಪಾಕಗಳೆಂಬ ಈ ಜಗಳವು ಶತಮಾನಗಳ ಕಾಲ ನಡೆಯಿತು.

ವಿರೋಧಿಗಳೂ ಇದ್ದರು. ಭಾಗಗಳೇ ಇಲ್ಲದ ಎರಡು ವಸ್ತುಗಳು ಯಾವ ಪಕ್ಕದಿಂದ ಕೂಡಬೇಕು, ಪಕ್ಕವುಂಟಾದರೆ ಭಾಗವೂ ಉಂಟಾಯಿತಲ್ಲವೆ ಎಂದು ಶಂಕರಾಚಾರ್ಯರು ಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಹಿಡಿದ ಹಿಡಿತವು ಸಾಮಾನ್ಯವಾದುದಲ್ಲ. ಜೈನರು ಪರಮಾಣುಗಳಲ್ಲಿ ಸ್ನಿಗ್ಧ ರೂಕ್ಷಗಳೆಂಬ ಗುಣಭೇದವನ್ನು ಹೇಳಿ, ಅಂಟು ಮತ್ತು ಒಣಗುಗಳ ತಾರತಮ್ಯದಿಂದ ಅವು ಬಂಧಿಸಿಕೊಳ್ಳುವುವೆಂದು ಬೇರೊಂದು ದಾರಿಯನ್ನು ತೋರಿದರು. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ಓದಿದ ಕನ್ನಡನಾಡಿನ ಜೈನಪಂಡಿತರಿಗೆ ಇದು ಚಿರಪರಿಚಿತವಾದ ಮಾತು.

ಇವೆಲ್ಲವನ್ನೂ ತೋರಿಸಿ, ಈಚಿನ ಅಣುವಿಜ್ಞಾನವೆಲ್ಲ ಕಣಾದಮಹರ್ಷಿಗೆ ಮೊದಲೇ ಗೊತ್ತಿತ್ತೆಂದು ಸಾರುವವರು ಹಿಂದೆಯೂ ಇದ್ದರು, ಈಗಲೂ ಇರುವರು. ಅಭಿಮಾನವು ದೋಷವಲ್ಲ, ಆದರೆ ಈ ಮಾತಿನಿಂದ ಕಣಾದನಿಗೇ ಅನ್ಯಾಯವಾಗುವುದು. ಮೇಲೆ ಹೇಳಿದ ಗಾತ್ರದ ಬೆಣಚುಕಲ್ಲಿನ ಒಂದು ಕಣದಲ್ಲಿ ಇಂದಿನ ಲೆಕ್ಕದ ಪ್ರಕಾರ ಸುಮಾರು ನಲವತ್ತು ಲಕ್ಷ ಕೋಟಿ ಪರಮಾಣುಗಳಿವೆ. ಆರೆಲ್ಲಿ, ಇದೆಲ್ಲಿ! ಅಲ್ಲದೆ ಇಂದಿನವರು ಪರಮಾಣುವೆಂದು ಕರೆಯುವ ವಸ್ತುವು ಒಡೆಯುವಂಥದೇ; ೧೮೯೭ರಲ್ಲಿ ಥಾಮ್ಸನ್ ಎಂಬವನು ಅದಕ್ಕಿಂತಲೂ ಬಹಳ ಕಿರಿದಾದ ಎಲೆಕ್ಟ್ರಾನನ್ನು ಕಂಡುಹಿಡಿದನು. ವೈಶೇಷಿಕರ ಹಿರಿಮೆಯು ಅವರ ಸಂಖ್ಯೆಯಲ್ಲಿಲ್ಲ. ಪ್ರತ್ಯಕ್ಷವು ನಿಂತಲ್ಲಿ ವಿಚಾರವು ನಿಲ್ಲಬೇಕಾಗಿಲ್ಲ, ಅನುಮಾನವೂ ಒಂದು ಪ್ರಮಾಣವೆಂದು ಅವರು ಹಿಡಿದ ಹಟದಲ್ಲಿದೆ. ಕೊರತೆಯೂ ಅಲ್ಲಿಯೇ ಇದೆ. ಅನುಮಾನದಿಂದ ಬಂದುದನ್ನು ಮರಳಿ ಎಣಿಕೆಗೆ ಒಡ್ಡುವ ಉಪಾಯವು ಅವರಿಗೆ ದೊರೆಯಲಿಲ್ಲ.

ಆ ಉಪಾಯವೂ ಕಣಗಳ ಓಡಾಟದಿಂದಲೇ ದೊರೆತುದು ಸ್ವಾರಸ್ಯವಾಗಿದೆ. ರೋಮಿನ ಕವಿ ಲುಕ್ರೀಷಿಯಸನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿಯೇ ಬಿಸಿಲಿನ ಧೂಳಿಯ ಕುಣಿತವನ್ನು ಕಂಡು, ಕಾಣದ ಕಣಗಳು ಕಾಣುವ ಕಣಗಳನ್ನು ತಳ್ಳುತ್ತಿರಬೇಕೆಂದು ಊಹಿಸಿದ್ದನು. ಮನೆಯೊಳಗಿನ ಬಿಸಿಲುಕೋಲಿನಲ್ಲಿ ಕಾಣುವ ಕುಣಿತಕ್ಕೆ ಬಹುಮಟ್ಟಿಗೆ ಗಾಳಿಯ ಸೆಳವೇ ಕಾರಣ. ಆದರೂ ಊಹೆಯು ಪೂರ್ತಿ ಸುಳ್ಳಾಗಲಿಲ್ಲ. ೧೮೨೭ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಪರಾಗದೊಳಗಿನ ಕಣಗಳು ನಿಂತ ನೀರಿನಲ್ಲಿಯೂ ಅತ್ತಿತ್ತ ತುಯ್ಯುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಅವುಗಳಿಗೆ ಜೀವವಿದೆಯೋ ಎಂದು ಶಂಕಿಸಿ ಕಲ್ಲಿನ ಪುಡಿಯನ್ನು ಹಾಕಿ ನೋಡಿದರೆ ಅದೂ ಹಾಗೆಯೇ ತುಯ್ದಿತು. ೧೯೦೫ರಲ್ಲಿ ಐನ್‌ಸ್ಟೈನನು ನೀರಿನ ಅಣುಗಳ ಹೊಡೆತವೇ ಇದಕ್ಕೆ ಕಾರಣವೆಂದು ಗಣಿತದಿಂದ ತೋರಿಸಿದನು. ೧೯೦೮ರಿಂದ ಮುಂದೆ ಫ್ರಾನ್ಸಿನ ಪೆರಿನ್ ಎಂಬವನು ನಮ್ಮ ಮುರುಗಲ ಜಾತಿಗೆ ಸೇರಿದ ಮರವೊಂದರ ಹಳದಿ ಅಂಟಿನ ಕಣಗಳನ್ನು ನೀರಿನಲ್ಲಿ ಬಿಟ್ಟು, ಅವುಗಳ ಅಲೆದಾಟವನ್ನು ಅಳೆದು, ಕಾಣದ ಅಣುಗಳನ್ನು ಎಣಿಸಿಯೇ ಬಿಟ್ಟನು. ಪರಮಾಣುವನ್ನು ಅದುವರೆಗೆ ನಂಬದಿದ್ದ ಅನೇಕ ವಿದ್ವಾಂಸರು ಅನಂತರ ನಂಬಿದರು.

ಇದಕ್ಕೆ ಮೊದಲು ನಡೆದ ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ೧೮೭೦ರಲ್ಲಿ ಲಂಡನ್ನಿನ ಟಿಂಡಲ್ ಎಂಬ ವಿಜ್ಞಾನಿಯು ಕತ್ತಲೆಯ ಸಭಾಂಗಣದಲ್ಲಿ ಪ್ರಖರವಾದ ಬೆಳಕಿನ ಕೋಲೊಂದನ್ನು ಹಾಯಿಸಿ ಅದರ ಮೇಲೆ ಮೆಲ್ಲನೆ ಉಸಿರು ಬಿಟ್ಟನು. ಮೊದಮೊದಲು ಹೊರಬಂದ ಉಸಿರಿನಲ್ಲಿ ಧೂಳಿಯು ಹೊಳೆಯುತ್ತಿತ್ತು. ಉಸಿರಿನ ಕೊನೆಯ ಭಾಗವು ಬಂದಾಗ ಬೆಳಕಿನ ಕೋಲಿನ ನಡುವೆ ಕಾಡಿಗೆಯಂಥ ಕಪ್ಪು ತೂತು ಕಾಣಿಸಿತು. ಅಲ್ಲಿ ಹೊಳೆಯಲು ಧೂಳಿಯೇ ಇರಲಿಲ್ಲ. ಒಳಗೆ ಹೋದ ಧೂಳಿ ಎಲ್ಲಿ ಉಳಿಯಿತು? ಎದೆಯಲ್ಲಿ. ಸಭೆಯವರಿಗೆ ಇದು ವಿನೋದವಾಗಿ ಕಂಡಿರಬಹುದು. ಗಣಿಯಲ್ಲಿ ದುಡಿಯುವವನ ಪಾಲಿಗೆ ಅದು ಆಯುಷ್ಯದ ಲೆಕ್ಕ.

ಗಣಿಯ ಮಾತನ್ನು ಎತ್ತಿದುದಕ್ಕೆ ಕಾರಣವುಂಟು. ಸರಗೂರನ್ನು ಹಾದು ಹರಿಯುವ ಕಪಿಲೆಯು ನಂಜನಗೂಡಿನ ಸೋಪಾನಗಳನ್ನು ತೊಳೆದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಶಿವನಸಮುದ್ರದಲ್ಲಿ ಧುಮುಕುವುದು. ೧೯೦೨ರಲ್ಲಿ ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯನ್ನು ಮೊದಲು ಕೊಂಡೊಯ್ದುದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ತೊಂಬತ್ತು ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗೆ. ಈ ಸೀಮೆಯ ನೀರು ಆ ಸೀಮೆಯ ಯಂತ್ರಗಳನ್ನು ತಿರುಗಿಸಿತು. ಅಲ್ಲಿನ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿರುವುದು. ಬೆಣಚನ್ನು ಕೊರೆದು ಸಿಡಿಸಿದಾಗ ಏಳುವ ಧೂಳಿಯಲ್ಲಿ ದಪ್ಪನಾದುದು ಮೂಗು ಗಂಟಲುಗಳಲ್ಲಿಯೇ ಸಿಕ್ಕಿಬೀಳುವುದು. ಕೆಮ್ಮಿ ಉಗುಳಿದರೆ ಹೋಗುವುದು. ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತ ಕಿರಿದಾದುದು ಮಾತ್ರ ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೆ ಇಳಿಯುವುದು. ಅಲ್ಲಿ ಕಾವಲಿರುವ ಜೀವಕೋಶಗಳು ಈ ಕಣವನ್ನು ನುಂಗಿ, ಅರಗಿಸಲಾರದೆ ಸಾಯುವುವು. ಕಣವು ಮತ್ತೆ ಹೊರಬೀಳುವುದು. ಮತ್ತೊಂದು ಜೀವಕೋಶವು ನುಂಗುವುದು. ಹೀಗೆ ಗಾಯದ ಮೇಲೆ ಗಾಯವಾಗಿ ಮೃದುವಾದ ಶ್ವಾಸಕೋಶವು ಗಂಟುಗಂಟಾಗುವುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಗಣಿಯ ಕೆಲಸವನ್ನು ಬಿಟ್ಟು ಊರಿಗೆ ಬಂದಮೇಲೂ ಇದು ಬೆಳೆಯುತ್ತಲೇ ಇರುವುದುಂಟು, ಕ್ಷಯಕ್ಕೂ ದಾರಿಮಾಡುವುದುಂಟು. ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿ ೧೯೪೭ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದ್ದುದು ಕಂಡುಬಂದಿತು. ೧೯೪೮ರ ಕಾರ್ಖಾನೆಗಳ ಕಾನೂನಿನಲ್ಲಿಯೂ ೧೯೫೨ರ ಗಣಿಗಳ ಕಾನೂನಿನಲ್ಲಿಯೂ ಇದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಪರಿಗಣಿಸಲಾಯಿತು. ಅಷ್ಟರೊಳಗೆ ಎಷ್ಟು ಉಸಿರುಗಳು ನಿಂತಿದ್ದುವೋ!

ಅದೇ ಗಣಿಗೆ ೧೯೫೧ರಲ್ಲಿ ಬೇರೊಂದು ಕಣವನ್ನು ಅರಸುತ್ತ ಇಳಿದವರು ನಂಜನಗೂಡಿನಲ್ಲಿ ೧೯೨೫ರಲ್ಲಿ ಜನಿಸಿದ, ಊರದೇವರ ಹೆಸರನ್ನೇ ಹೊತ್ತ ಬಿ. ವಿ. ಶ್ರೀಕಂಠನ್ ಅವರು. ಹೋಮಿ ಭಾಭಾ ಅವರು ೧೯೪೫ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಅದೇ ವರ್ಷ ಮುಂಬಯಿಗೆ ಒಯ್ದ ಟಾಟಾ ಮೂಲವಿಜ್ಞಾನ ಸಂಶೋಧನಾ ಸಂಸ್ಥೆಯನ್ನು ಶ್ರೀಕಂಠನ್ನರು ೧೯೪೮ರಲ್ಲಿ ಸೇರಿದ್ದರು. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದು ಮ್ಯೂಆನ್ ಎಂಬ ಕಣಗಳನ್ನು ಸುರಿಸುವುವು. ಅವು ಬಂಡೆಯನ್ನು ಎಷ್ಟು ಆಳದವರೆಗೆ ತೂರಬಲ್ಲವೆಂಬುದನ್ನು ಅಳೆಯುವುದು ಭಾಭಾ ಅವರ ಸೂಚನೆಯಾಗಿದ್ದಿತು. ಆಳಕ್ಕೆ ಹೋದಹಾಗೆಲ್ಲ ಅವುಗಳ ಸಂಖ್ಯೆ ತಗ್ಗುತ್ತ ಬಂದು, ಮುಂದಿನ ವರ್ಷಗಳಲ್ಲಿ ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಕೆಳಗೆ ಯಂತ್ರಗಳನ್ನಿಟ್ಟು ಕಾದಾಗ ಎರಡು ತಿಂಗಳಾದರೂ ಒಂದು ಮ್ಯೂಆನೂ ಬರಲಿಲ್ಲ. ಏನೂ ಬಾರದಿದ್ದುದೇ ದೊಡ್ಡ ಸುದ್ದಿಯಾಯಿತು. ಇಷ್ಟು ನಿಶ್ಶಬ್ದವಾದ ಸ್ಥಳವು ನ್ಯೂಟ್ರಿನೋವನ್ನು ಹಿಡಿಯುವುದಕ್ಕೆ ತಕ್ಕುದೆಂದು ಅವರು ನಿಶ್ಚಯಿಸಿದರು.

ನ್ಯೂಟ್ರಿನೋ ಎಂಬುದು ೧೯೩೦ರಲ್ಲಿ ಪೌಲಿ ಎಂಬ ವಿದ್ವಾಂಸನು ಕೇವಲ ಲೆಕ್ಕದ ಬಾಕಿಯನ್ನು ಸರಿದೂಗಿಸಲು ಅನುಮಾನಿಸಿದ ಕಣ. ೧೯೫೬ರಲ್ಲಿ ಅಮೆರಿಕೆಯಲ್ಲಿ ಅಣುಸ್ಥಾವರವೊಂದರ ಪಕ್ಕದಲ್ಲಿ ಅದು ಮೊದಲು ಸಿಕ್ಕಿಬಿದ್ದಿತು. ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ಹೆಬ್ಬೆರಳಿನ ಉಗುರಿನಷ್ಟು ಸ್ಥಳದಲ್ಲಿ ಪ್ರತಿ ಸೆಕೆಂಡಿಗೂ ಆರು ಸಾವಿರ ಕೋಟಿಗೂ ಮಿಗಿಲಾಗಿ ಹಾದುಹೋಗುವುವು. ದೇಹಕ್ಕೆ ಅವುಗಳ ಅರಿವೇ ಇಲ್ಲ. ಕೋಲಾರದವರು ಅರಸಿದುದು ಮಾತ್ರ ವಿಶ್ವಕಿರಣಗಳ ಬಡಿತದಿಂದ ವಾಯುಮಂಡಲದಲ್ಲಿಯೇ ಹುಟ್ಟುವ ನ್ಯೂಟ್ರಿನೋವನ್ನು. ಅದು ಭೂಮಿಯನ್ನೇ ತೂರಿ ಬಂದು, ಅಪರೂಪಕ್ಕೊಮ್ಮೆ ಬಂಡೆಯೊಳಗೆ ತಾಗಿದರೆ, ಒಂದು ಮ್ಯೂಆನು ಹುಟ್ಟುವುದು. ಮೇಲಿನಿಂದ ಬರುವ ಮ್ಯೂಆನು ಬಂಡೆಯಲ್ಲಿ ಅಡಗಿಹೋಗುವುದರಿಂದ, ಅಡ್ಡಲಾಗಿ ಬಂದುದು ನ್ಯೂಟ್ರಿನೋವಿನ ಗುರುತೇ ಸರಿ. ಆದಕಾರಣ ಚಾಂಪಿಯನ್ ರೀಫ್ ಗಣಿಯಲ್ಲಿ ೨.೩ ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನು ಗೋಡೆಗಳಂತೆ ನಿಲ್ಲಿಸಿದರು. ಟಾಟಾ ಸಂಸ್ಥೆಯ ಎಂ. ಜಿ. ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ ಮೊದಲಾದವರೊಡನೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾನಿಲಯಗಳವರೂ ಸೇರಿದ್ದರು. ೧೯೬೫ರಲ್ಲಿ ಅಂಥ ಮ್ಯೂಆನುಗಳು ಕಾಣಿಸಿದುವು. ಅದೇ ವರ್ಷ ದಕ್ಷಿಣ ಆಫ್ರಿಕೆಯ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಎಂಬವನ ತಂಡಕ್ಕೂ ಕಂಡುವು. ಕಂಡ ದಿನವನ್ನು ನೋಡಿದರೆ ಆಫ್ರಿಕೆಯವರು ಮೊದಲು. ಅಚ್ಚಾದ ದಿನವನ್ನು ನೋಡಿದರೆ, ಆಗಸ್ಟ್ ೧೫ರ ಸಂಚಿಕೆಯಲ್ಲಿ ಕೋಲಾರದ ಲೇಖನವೂ ೩೦ರ ಸಂಚಿಕೆಯಲ್ಲಿ ಅವರದೂ ಬಂದುದರಿಂದ, ಕೋಲಾರದವರು ಮೊದಲು. ಎರಡೂ ಪಕ್ಷಗಳಿಗೆ ಕೀರ್ತಿ ಸಲ್ಲತಕ್ಕದ್ದೆಂಬುದರಲ್ಲಿ ವಿವಾದವಿಲ್ಲ. ಶ್ರೀಕಂಠನ್ನರು ೧೯೭೫ರಿಂದ ೧೯೮೭ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದು ೨೦೧೯ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಒಂದೇ ಗಣಿಯಲ್ಲಿ ಹೀಗೆ ಎರಡು ಬಗೆಯ ಅದೃಶ್ಯಕಣಗಳು. ಒಂದು ಭೂಮಿಯನ್ನು ತೂರಿ ಯಾರನ್ನೂ ನೋಯಿಸದೆ ಹೊರಟುಹೋಗುವುದು. ಅದನ್ನು ಹಿಡಿಯುವುದಕ್ಕೆ ಮೂರು ದೇಶಗಳ ಪಂಡಿತರು ಕೂಡಿದರು. ಇನ್ನೊಂದು ಎದೆಯಲ್ಲಿ ನಿಂತು ಕದಲದು. ಅದನ್ನು ಹೊತ್ತವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಇಲ್ಲ.

ಎರಡನೆಯ ಬಗೆಯ ಕಣವು ಗಣಿಯಲ್ಲಿ ಮಾತ್ರ ಇರುವುದೆಂದು ವಾಚಕರು ಭಾವಿಸಬಾರದು. ಒದ್ದೆ ಸೌದೆಯ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ಗೃಹಿಣಿಯ ಎದೆಗೂ, ಹುಣಸೂರು ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಹದಮಾಡಲು ರಾತ್ರಿಯೆಲ್ಲ ಬೆಂಕಿ ಕಾಯುವವನ ಎದೆಗೂ ಇಳಿಯುವುದು ಇದರ ನೆಂಟನೇ, ಬೆಣಚಲ್ಲ, ಮಸಿ. ಮಿಲಿಮೀಟರಿನ ಸಾವಿರದ ಎರಡೂವರೆ ಭಾಗಕ್ಕಿಂತ ಕಿರಿದಾದ ಇಂಥ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಗೆ ಗ್ರಾಮಿನ ಹತ್ತು ಲಕ್ಷದ ೪೦ ಭಾಗಗಳನ್ನು ಮೀರಬಾರದೆಂದು ಭಾರತದಲ್ಲಿ ೨೦೦೯ರಲ್ಲಿ ಗೊತ್ತುಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಐದೇ ಭಾಗ ಸಾಕೆಂದಿತು. ಮನುವಿನ ತ್ರಸರೇಣುವೊಂದರ ತೂಕವೇ ಈ ನಲವತ್ತು ಭಾಗಗಳ ಇಮ್ಮಡಿಗೂ ಮಿಕ್ಕಿರುವುದನ್ನು ನೆನೆದರೆ ಕಣ್ಣಿನ ಎಲ್ಲೆಯು ಎಷ್ಟು ಹಿಂದೆ ಉಳಿಯಿತೆಂಬುದು ತಿಳಿಯುವುದು.

ಕೋಲಾರದ ಪ್ರಯೋಗಗಳು ೧೯೯೦ರ ದಶಕದ ಆರಂಭದಲ್ಲಿ ನಿಂತುವು. ಗಣಿಯನ್ನು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದರು. ಪಂಪುಗಳು ನಿಂತಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನ್ಯೂಟ್ರಿನೋ ಕಂಡ ಕೋಣೆಗೆ ಈಗ ಯಾರೂ ಇಳಿಯಲಾರರು. ಮೇಲುಗಡೆ ಉಳಿದಿರುವುದು ಚಿನ್ನವನ್ನು ಹಿಂಡಿ ತೆಗೆದ ಬೆಣಚಿನ ಪುಡಿ, ಮೂರು ಕೋಟಿ ಟನ್ನಿಗೂ ಮಿಕ್ಕು. ಊರವರು ಅದನ್ನು ಸೈನೈಡ್ ಗುಡ್ಡವೆನ್ನುವರು. ಆಷಾಢದ ಗಾಳಿ ಬೀಸಿದಾಗ ಆ ಗುಡ್ಡಗಳಿಂದ ಬಿಳಿಯ ಧೂಳಿಯು ಎದ್ದು ರಾಬರ್ಟ್‌ಸನ್ ಪೇಟೆಯ ಕಡೆಯ ಮನೆಗಳ ಮೇಲೆ ಇಳಿಯುವುದು. ಅಲ್ಲಿನವರು ಆಗ ಕಿಟಕಿಗಳನ್ನು ಮುಚ್ಚಿಕೊಳ್ಳುವರು.