ವಿದೇಶಿ ನೆರವು ಮತ್ತು ಬ್ರಿಟಿಷ್ ಸಂಸತ್ತು: ಲೆಕ್ಕ ತಪಾಸಣೆಯ ಇತಿಹಾಸ

ಬ್ರಿಟಿಷ್ ಸರ್ಕಾರ ಹೊರದೇಶಗಳಿಗೆ ಕೊಡುವ ನೆರವಿನ ಹಣವನ್ನು ಅಲ್ಲಿನ ಸಂಸತ್ತು ಪರಿಶೀಲಿಸುವ ಕ್ರಮ ಯಾವುದೋ ಒಂದು ಕಾಯಿದೆಯಿಂದ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಲೆಕ್ಕ ತಪಾಸಣೆ, ವಸಾಹತು ಕಾಲದ ಅಭಿವೃದ್ಧಿ ಕಾನೂನುಗಳು, 1979ರ ನಂತರದ ಇಲಾಖಾ ಸಮಿತಿಗಳು, ನಡುನಡುವೆ ಕೆಲವು ಹಗರಣಗಳು ಸೇರಿ ಅದನ್ನು ಇಂದಿನ ರೂಪಕ್ಕೆ ತಂದಿವೆ. ಈ ಖರ್ಚಿನಲ್ಲೊಂದು ವಿಶೇಷವಿದೆ. ನೆರವು ಪಡೆಯುವವರಿಗೆ ಬ್ರಿಟನ್ನಿನಲ್ಲಿ ಮತವಿಲ್ಲ. ತೆರಿಗೆ ಕಟ್ಟುವ ಮತದಾರನ ಕಣ್ಣಿಗೆ ಆ ಹಣದಲ್ಲಿ ಕಟ್ಟಿದ ಶಾಲೆಯಾಗಲಿ ಅಣೆಕಟ್ಟಾಗಲಿ ಬೀಳುವುದಿಲ್ಲ. ಊರಿನ ರಸ್ತೆ ಕೆಟ್ಟರೆ ಜನರೇ ದೂರುತ್ತಾರೆ, ಹೊರದೇಶದಲ್ಲಿ ಯೋಜನೆ ಕೆಟ್ಟರೆ ಯಾರಾದರೂ ಹುಡುಕಿ ತೆಗೆಯಬೇಕು.

ತಪಾಸಣೆಯ ಮೂಲ ವ್ಯವಸ್ಥೆ ನೆರವಿಗಿಂತ ಹಳೆಯದು. ಗ್ಲ್ಯಾಡ್‌ಸ್ಟನ್ ಹಣಕಾಸು ಸಚಿವನಾಗಿದ್ದಾಗ, 1861ರಲ್ಲಿ, ಕಾಮನ್ಸ್ ಸಭೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನು ರಚಿಸಿತು. 1866ರ ಕಾಯಿದೆ ಮಹಾಲೆಕ್ಕ ಪರಿಶೋಧಕನ ಹುದ್ದೆಗೆ ನೆಲೆ ಒದಗಿಸಿತು. ಇಲಾಖೆಯ ಹಿರಿಯ ಅಧಿಕಾರಿಯೇ ಲೆಕ್ಕಕ್ಕೆ ಹೊಣೆ, ಸಮಿತಿ ಕರೆದಾಗ ಖುದ್ದಾಗಿ ಬಂದು ಉತ್ತರ ಹೇಳಬೇಕು ಎಂಬ ಪದ್ಧತಿ ಬೆಳೆದದ್ದು ಈ ಚೌಕಟ್ಟಿನಲ್ಲಿ. ಸಭೆಯಲ್ಲಿ ವೆಚ್ಚಕ್ಕೆ ಮಂಜೂರಾತಿ ಕೊಡುವ ಮತದಾನ ಮಾತ್ರ ಬಹುಮಟ್ಟಿಗೆ ವಿಧಿಯಾಗಿ ಉಳಿಯಿತು. ಸರ್ಕಾರದ ಬೇಡಿಕೆಯೊಂದನ್ನು ಕಾಮನ್ಸ್ ಸಭೆ ಕೊನೆಯ ಸಲ ತಿರಸ್ಕರಿಸಿದ್ದು 1919ರಲ್ಲಿ, ಅದೂ ಲಾರ್ಡ್ ಚಾನ್ಸೆಲರ್ ಅವರ ಎರಡನೆಯ ಸ್ನಾನದ ಮನೆಯ ಖರ್ಚಿಗೆ. ಹೀಗಾಗಿ ನೆರವಿನ ವಿಷಯದಲ್ಲೂ ಸಂಸತ್ತಿನ ಹಿಡಿತ ಹಣ ಕೊಡುವ ಗಳಿಗೆಯಲ್ಲಿಲ್ಲ, ಖರ್ಚಾದ ಮೇಲೆ ಕೇಳುವ ಪ್ರಶ್ನೆಯಲ್ಲಿದೆ.

ವಸಾಹತುಗಳು ತಮ್ಮ ಖರ್ಚನ್ನು ತಾವೇ ದುಡಿದುಕೊಳ್ಳಬೇಕು ಎಂಬ ಹಳೆಯ ನೀತಿಯನ್ನು 1929ರ ವಸಾಹತು ಅಭಿವೃದ್ಧಿ ಕಾಯಿದೆ ಸಡಿಲಿಸಿತು. ವರ್ಷಕ್ಕೆ 10 ಲಕ್ಷ ಪೌಂಡ್‌ವರೆಗೆ ಕೊಡಲು ಅದು ಅವಕಾಶ ಮಾಡಿತು. ವಸಾಹತುಗಳ ಅಭಿವೃದ್ಧಿಯ ಜೊತೆಗೆ ಬ್ರಿಟನ್ನಿನ ವ್ಯಾಪಾರ, ಕೈಗಾರಿಕೆಗಳಿಗೆ ಉತ್ತೇಜನವೂ ಉದ್ದೇಶವೆಂದು ಕಾಯಿದೆಯಲ್ಲೇ ಬರೆದಿತ್ತು. ಸ್ವದೇಶದ ನಿರುದ್ಯೋಗ ಆಗಿನ ದೊಡ್ಡ ಚಿಂತೆ. ನೆರವು ಯಾರಿಗಾಗಿ ಎಂಬ ಗೊಂದಲ ಮುಂದಿನ ಏಳು ದಶಕ ತಪಾಸಣೆಯನ್ನು ಕಾಡಿತು. 1940 ಮತ್ತು 1945ರ ಕಾಯಿದೆಗಳು ಮೊತ್ತವನ್ನು ಹೆಚ್ಚಿಸಿದವು, ಎರಡನೆಯದು ಹತ್ತು ವರ್ಷಕ್ಕೆ 12 ಕೋಟಿ ಪೌಂಡ್ ತೆಗೆದಿರಿಸಿತು.

ಯುದ್ಧಾನಂತರದ ಮೊದಲ ದೊಡ್ಡ ಪಾಠ ಕಲಿಸಿದ್ದು ಟಾಂಗನೀಕದ ಕಡಲೆಕಾಯಿ ಯೋಜನೆ. ಬ್ರಿಟನ್ನಿನ ಅಡುಗೆ ಎಣ್ಣೆಯ ಕೊರತೆ ನೀಗಿಸಲು ಪೂರ್ವ ಆಫ್ರಿಕದಲ್ಲಿ 30 ಲಕ್ಷಕ್ಕೂ ಹೆಚ್ಚು ಎಕರೆ ಕುರುಚಲು ಕಾಡು ಕಡಿದು ಕಡಲೆಕಾಯಿ ಬೆಳೆಯುವುದಾಗಿ 1946ರಲ್ಲಿ ಘೋಷಣೆಯಾಯಿತು. ಅಂದಾಜು ಸುಮಾರು 2.4 ಕೋಟಿ ಪೌಂಡ್. ಕೊಂಗ್ವಾದ ಗಟ್ಟಿ ನೆಲ, ಕೈಕೊಟ್ಟ ಮಳೆ, ಕೆಟ್ಟು ನಿಲ್ಲುತ್ತಿದ್ದ ಟ್ರ್ಯಾಕ್ಟರುಗಳು ಅಂದಾಜನ್ನು ಅಡಿಮೇಲು ಮಾಡಿದವು. ಯೋಜನೆಯನ್ನು ವಹಿಸಿಕೊಂಡಿದ್ದ ಸಾಗರೋತ್ತರ ಆಹಾರ ನಿಗಮದ ಲೆಕ್ಕಪುಸ್ತಕಗಳೇ ಸರಿಯಾಗಿಲ್ಲವೆಂದು 1949ರಲ್ಲಿ ಲೆಕ್ಕ ಪರಿಶೋಧಕರು ಷರಾ ಬರೆದರು. ಆಹಾರ ಸಚಿವ ಜಾನ್ ಸ್ಟ್ರೇಚಿ ಸಂಸತ್ತಿನಲ್ಲಿ ತೀವ್ರ ಟೀಕೆ ಎದುರಿಸಿಯೂ ಬಹುಮತದ ಬಲದಿಂದ ಉಳಿದುಕೊಂಡರು. 1951ರಲ್ಲಿ ಯೋಜನೆ ಕೈಬಿಟ್ಟಾಗ ವಸೂಲಾಗದೆಂದು ಬರೆದುಹಾಕಿದ ಮೊತ್ತ ಸುಮಾರು 3.6 ಕೋಟಿ ಪೌಂಡ್.

1964ರಲ್ಲಿ ಹೆರಾಲ್ಡ್ ವಿಲ್ಸನ್ ಸರ್ಕಾರ ಬಾರ್ಬರಾ ಕ್ಯಾಸಲ್ ಅವರ ಕೈಕೆಳಗೆ ಸಾಗರೋತ್ತರ ಅಭಿವೃದ್ಧಿ ಸಚಿವಾಲಯ ತೆರೆಯಿತು. ಆನಂತರ ಕನ್ಸರ್ವೇಟಿವ್ ಪಕ್ಷ ಬಂದಾಗಲೆಲ್ಲ ಅದು ವಿದೇಶಾಂಗ ಇಲಾಖೆಯೊಳಗೆ ಸೇರುವುದು, ಲೇಬರ್ ಬಂದಾಗ ಹೊರಬರುವುದು ವಾಡಿಕೆಯಾಯಿತು. 1960ರ ದಶಕದ ಕೊನೆಗೆ ನೆರವಿಗೆಂದೇ ಒಂದು ಸಂಸದೀಯ ಸಮಿತಿ ಏರ್ಪಟ್ಟಿತ್ತು. 1979ರಲ್ಲಿ ಪ್ರತಿ ಇಲಾಖೆಗೂ ಒಂದೊಂದು ಸಮಿತಿ ಎಂಬ ಸುಧಾರಣೆ ಬಂದಾಗ ಈ ವಿಷಯ ವಿದೇಶಾಂಗ ವ್ಯವಹಾರ ಸಮಿತಿಯ ಪಾಲಾಯಿತು. 1983ರ ರಾಷ್ಟ್ರೀಯ ಲೆಕ್ಕ ತಪಾಸಣಾ ಕಾಯಿದೆ ಮಹಾಲೆಕ್ಕ ಪರಿಶೋಧಕನನ್ನು ಕಾಮನ್ಸ್ ಸಭೆಯ ಅಧಿಕಾರಿಯಾಗಿಸಿ, ಹಣ ನಿಯಮದಂತೆ ಖರ್ಚಾಯಿತೇ ಎಂಬುದರ ಜೊತೆಗೆ ಕೊಟ್ಟ ಹಣಕ್ಕೆ ತಕ್ಕ ಫಲ ಸಿಕ್ಕಿತೇ ಎಂದು ನೋಡುವ ಅಧಿಕಾರವನ್ನೂ ಕೊಟ್ಟಿತು.

ಆ ಪ್ರಶ್ನೆ ಕೇಳಬೇಕಾದ ವ್ಯವಹಾರಗಳಿಗೆ ಬರವಿರಲಿಲ್ಲ. 1977ರಿಂದ ನೆರವಿನ ಒಂದು ಭಾಗ 'ನೆರವು ಮತ್ತು ವ್ಯಾಪಾರ ನಿಧಿ'ಯ ಹೆಸರಲ್ಲಿ ಬ್ರಿಟಿಷ್ ಕಂಪನಿಗಳಿಗೆ ಗುತ್ತಿಗೆ ದೊರಕಿಸಲು ಬಳಕೆಯಾಗುತ್ತಿತ್ತು. 1986ರಲ್ಲಿ ಭಾರತ ನೆರವಿನ ಹಣದಿಂದ ವೆಸ್ಟ್‌ಲ್ಯಾಂಡ್ ಕಂಪನಿಯ 21 ಹೆಲಿಕಾಪ್ಟರುಗಳನ್ನು ಕೊಂಡಿತು. ಮೌಲ್ಯ ಸುಮಾರು 6.5 ಕೋಟಿ ಪೌಂಡ್. ಪವನ್ ಹನ್ಸ್ ಸಂಸ್ಥೆಗೆ ಬಂದ ಅವು ಅಪಘಾತಗಳ ನಂತರ ಕೆಲವೇ ವರ್ಷಗಳಲ್ಲಿ ಹಾರಾಟ ನಿಲ್ಲಿಸಿದವು. ಅದೇ ಕಾಲಘಟ್ಟದಲ್ಲಿ ಉತ್ತರ ಕನ್ನಡದ ಕಾಡುಗಳಿಗೂ ಪಶ್ಚಿಮ ಘಟ್ಟಗಳ ಅರಣ್ಯ ಯೋಜನೆಯ ರೂಪದಲ್ಲಿ ಬ್ರಿಟಿಷ್ ನೆರವು ಬಂತು. ಒಂದೇ ಬೊಕ್ಕಸದಿಂದ ಬಂದ ಈ ಎರಡು ಖರ್ಚುಗಳ ಸ್ವಭಾವಕ್ಕೆ ಸಂಬಂಧವೇ ಇರಲಿಲ್ಲ.

ಮಲೇಷ್ಯಾದ ಕೆಲಂತಾನ್ ರಾಜ್ಯದ ಪರ್ಗಾವ್ ಜಲವಿದ್ಯುತ್ ಯೋಜನೆ ಈ ಇತಿಹಾಸದ ನಡುಗಂಬ. 1988ರಲ್ಲಿ ರಕ್ಷಣಾ ಸಚಿವ ಜಾರ್ಜ್ ಯಂಗರ್ ಶಸ್ತ್ರಾಸ್ತ್ರ ಮಾರಾಟದ ಒಪ್ಪಂದವೊಂದರ ಮಾತುಕತೆಯಲ್ಲಿ ನೆರವಿನ ಪ್ರಸ್ತಾಪ ಸೇರಿಸಿ ಸಹಿ ಹಾಕಿದರು. ಎರಡನ್ನೂ ಜೋಡಿಸಬಾರದೆಂದು ಸರ್ಕಾರ ಬಳಿಕ ಹೇಳಿತಾದರೂ ಮಲೇಷ್ಯಾ ಮಾತು ಮರೆಯಲಿಲ್ಲ. 1989ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮಲೇಷ್ಯಾದ ಪ್ರಧಾನಿ ಮಹಾತಿರ್ ಮೊಹಮದ್ ಅವರಿಗೆ ಪರ್ಗಾವ್‌ಗೆ ನೆರವು ಕೊಡುವುದಾಗಿ ಹೇಳಿದಾಗ ಯೋಜನೆಯ ವೆಚ್ಚ 31.6 ಕೋಟಿ ಪೌಂಡ್. ಕೆಲವೇ ವಾರಗಳಲ್ಲಿ ಗುತ್ತಿಗೆದಾರರು ಅದನ್ನು 39.7 ಕೋಟಿಗೆ ಏರಿಸಿದರು. ಬೇರೆ ಬಗೆಯ ವಿದ್ಯುತ್ ಅಗ್ಗವಾಗಿ ಸಿಗುವಾಗ ಈ ಅಣೆಕಟ್ಟು ಮಲೇಷ್ಯಾದ ಗ್ರಾಹಕರಿಗೇ ನಷ್ಟವೆಂದು, ವಿದೇಶಾಂಗ ಇಲಾಖೆಯೊಳಗೆ ನೆರವು ನೋಡಿಕೊಳ್ಳುತ್ತಿದ್ದ ಸಾಗರೋತ್ತರ ಅಭಿವೃದ್ಧಿ ಆಡಳಿತದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. 1991ರಲ್ಲಿ ಅಲ್ಲಿನ ಹಿರಿಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್, ಇದಕ್ಕೆ ಹಣ ಕೊಡುವುದನ್ನು ತಾನು ಸಮರ್ಥಿಸಲಾರೆನೆಂದು ಬರೆದು ಸಚಿವರ ಲಿಖಿತ ಆದೇಶ ಕೇಳಿದರು. ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಆದೇಶ ಕೊಟ್ಟರು. ನೆರವಿನ ಮೊತ್ತ ಕೊನೆಗೆ 23.4 ಕೋಟಿ ಪೌಂಡ್ ಎಂದು ನಿಂತಿತು.

ಸಂಸತ್ತಿಗೆ ಇದು ತಿಳಿಯಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಧಿಕಾರಿಯ ಆಕ್ಷೇಪ ಹಣದ ಸದ್ಬಳಕೆಗೆ ಸಂಬಂಧಿಸಿದ್ದರೆ ಅದನ್ನು ಕೂಡಲೇ ಮಹಾಲೆಕ್ಕ ಪರಿಶೋಧಕನಿಗೆ ತಿಳಿಸಬೇಕೆಂಬ ನಿಯಮ ಆಗ ಇರಲಿಲ್ಲ. 1993ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿಯ ವರದಿ ಹೊರಬಂತು. 1994ರ ಜನವರಿಯಲ್ಲಿ ಲ್ಯಾಂಕೆಸ್ಟರ್ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ವಿದೇಶಾಂಗ ವ್ಯವಹಾರ ಸಮಿತಿಯೂ ವಿಚಾರಣೆ ನಡೆಸಿ ಆ ಜುಲೈನಲ್ಲಿ ಸರ್ಕಾರವನ್ನು ಟೀಕಿಸಿತು. ಈ ನಡುವೆ ಬ್ರಿಟಿಷ್ ಪತ್ರಿಕೆಗಳ ವರದಿಗಳಿಂದ ಕೆರಳಿದ ಮಲೇಷ್ಯಾ ಬ್ರಿಟಿಷ್ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಕೊಡುವುದನ್ನೇ ಕೆಲವು ತಿಂಗಳು ನಿಲ್ಲಿಸಿತು. ವ್ಯಾಪಾರ ಹೆಚ್ಚಿಸಲೆಂದು ಕೊಟ್ಟ ನೆರವು ವ್ಯಾಪಾರಕ್ಕೇ ಕುತ್ತು ತಂದಿತ್ತು.

ಟೀಕೆಯಿಂದಾಚೆಗೆ ಸಮಿತಿಗಳಿಗೆ ಏನೂ ಮಾಡಲಾಗಲಿಲ್ಲ. ಹಣ ಕೊಟ್ಟದ್ದು ಕಾನೂನುಬಾಹಿರ ಎಂದದ್ದು ನ್ಯಾಯಾಲಯ. ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್ ಎಂಬ ಸಂಘಟನೆ ಹೂಡಿದ ದಾವೆಯಲ್ಲಿ 1994ರ ನವೆಂಬರ್ 10ರಂದು ಹೈಕೋರ್ಟ್ ತೀರ್ಪಿತ್ತಿತು. 1980ರ ಸಾಗರೋತ್ತರ ಅಭಿವೃದ್ಧಿ ಮತ್ತು ಸಹಕಾರ ಕಾಯಿದೆ ಅಭಿವೃದ್ಧಿಗಾಗಿ ಮಾತ್ರ ಹಣ ಕೊಡಲು ಅಧಿಕಾರ ನೀಡುತ್ತದೆ, ಆರ್ಥಿಕವಾಗಿ ಇಷ್ಟು ಟೊಳ್ಳಾದ ಯೋಜನೆ ಆ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅದರ ತಿರುಳು. ಲೆಕ್ಕ ಪರಿಶೋಧಕರು, ಸಮಿತಿಗಳು ಬಯಲಿಗೆಳೆದ ಸಂಗತಿಗಳಿಲ್ಲದೆ ಆ ದಾವೆ ನಿಲ್ಲುತ್ತಿತ್ತೇ ಎಂಬುದು ಅನುಮಾನ. ಸಚಿವರ ಇಂಥ ಆದೇಶಗಳು ಮಹಾಲೆಕ್ಕ ಪರಿಶೋಧಕನಿಗೆ ತಡವಿಲ್ಲದೆ ತಲುಪಬೇಕೆಂದು ನಿಯಮವೂ ಬದಲಾಯಿತು. ನೋಡಿದರೆ ಸಣ್ಣ ಕಚೇರಿ ತಿದ್ದುಪಡಿ. ಆದರೆ ನೆರವಿನ ತಪಾಸಣೆಯಲ್ಲಿ ಇಷ್ಟು ಕೆಲಸಕ್ಕೆ ಬಂದ ಬದಲಾವಣೆಗಳು ಕಡಿಮೆ.

1997ರಲ್ಲಿ ಟೋನಿ ಬ್ಲೇರ್ ಸರ್ಕಾರ ಕ್ಲೇರ್ ಶಾರ್ಟ್ ಅವರ ನೇತೃತ್ವದಲ್ಲಿ ಪ್ರತ್ಯೇಕ ಅಂತಾರಾಷ್ಟ್ರೀಯ ಅಭಿವೃದ್ಧಿ ಇಲಾಖೆ ತೆರೆಯಿತು. ಅದರ ಬೆನ್ನಿಗೇ ಕಾಮನ್ಸ್ ಸಭೆಯಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಮಿತಿ ಬಂತು. ನೆರವು ಮತ್ತು ವ್ಯಾಪಾರ ನಿಧಿ ರದ್ದಾಯಿತು. ಬಡತನ ತಗ್ಗಿಸುವುದೇ ನೆರವಿನ ಗುರಿಯೆಂದು 2002ರ ಕಾಯಿದೆ ನಿಗದಿ ಮಾಡಿತು, ಪ್ರತಿ ವರ್ಷ ಸಂಸತ್ತಿಗೆ ವರದಿ ಒಪ್ಪಿಸಬೇಕೆಂದು 2006ರ ಕಾಯಿದೆ ವಿಧಿಸಿತು. 2011ರಲ್ಲಿ ಸಚಿವ ಆಂಡ್ರ್ಯೂ ಮಿಚೆಲ್ ಸ್ವತಂತ್ರ ನೆರವು ಪರಿಣಾಮ ಆಯೋಗವನ್ನು ಸ್ಥಾಪಿಸಿದರು. ಹಸಿರಿನಿಂದ ಕೆಂಪಿನವರೆಗೆ ಬಣ್ಣದ ಅಂಕ ಕೊಡುವ ಅದರ ವರದಿಗಳು ಸಚಿವರಿಗಲ್ಲದೆ ಸಂಸದೀಯ ಸಮಿತಿಗೆ ಸಲ್ಲುತ್ತವೆ.

ಬಾಹ್ಯಾಕಾಶ ಕಾರ್ಯಕ್ರಮ ನಡೆಸುವ ಭಾರತಕ್ಕೆ ನೆರವೇಕೆ ಎಂಬುದು ಆ ದಿನಗಳಲ್ಲಿ ಮೇಲಿಂದ ಮೇಲೆ ಎದ್ದ ಪ್ರಶ್ನೆ. 2011ರಲ್ಲಿ ಸಮಿತಿ 2015ರವರೆಗೆ ನೆರವು ಮುಂದುವರಿಯಲೆಂದಿತು. ಮರುವರ್ಷ ಸಚಿವೆ ಜಸ್ಟೀನ್ ಗ್ರೀನಿಂಗ್ ಹಣಕಾಸಿನ ನೆರವು 2015ಕ್ಕೆ ಕೊನೆಗೊಳ್ಳುವುದಾಗಿ ಘೋಷಿಸಿದರು. ಆದರೂ 2016ರಿಂದ 2021ರವರೆಗೆ ಹೂಡಿಕೆ, ಬಹುರಾಷ್ಟ್ರೀಯ ಸಂಸ್ಥೆಗಳ ಪಾಲು ಎಲ್ಲ ಸೇರಿ ಸುಮಾರು 230 ಕೋಟಿ ಪೌಂಡ್ ಭಾರತಕ್ಕೆ ಬಂದಿತ್ತೆಂದು ಆಯೋಗದ 2023ರ ವರದಿ ತೋರಿಸಿತು.

ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವಿನ ಗುರಿಯನ್ನು ಬ್ರಿಟನ್ 2013ರಲ್ಲಿ ಮುಟ್ಟಿತು, ಖಾಸಗಿ ಸದಸ್ಯರ ಮಸೂದೆಯಾಗಿ ಬಂದ 2015ರ ಕಾಯಿದೆ ಅದನ್ನು ಕಾನೂನಾಗಿಸಿತು. ಹಣದ ಮೊತ್ತವೇ ಮೊದಲು ನಿಶ್ಚಯವಾದರೆ ಯೋಜನೆಗಳ ಗುಣಮಟ್ಟ ಹಿಂದೆ ಸರಿಯುತ್ತದೆಂದು ಲಾರ್ಡ್ಸ್ ಸಭೆಯ ಆರ್ಥಿಕ ವ್ಯವಹಾರ ಸಮಿತಿ 2012ರಲ್ಲೇ ಗುರಿಯನ್ನು ವಿರೋಧಿಸಿತ್ತು. ಕಾಯಿದೆಯಲ್ಲಿ ಹಲ್ಲೂ ಇರಲಿಲ್ಲ: ಗುರಿ ತಪ್ಪಿದರೆ ಸಚಿವರು ಸಂಸತ್ತಿಗೆ ಕಾರಣ ಹೇಳಬೇಕು, ಅಷ್ಟೇ. 2020ರ ನವೆಂಬರ್‌ನಲ್ಲಿ ಕೋವಿಡ್ ಖರ್ಚಿನ ಕಾರಣ ಕೊಟ್ಟು ಹಣಕಾಸು ಸಚಿವ ರಿಷಿ ಸುನಕ್ ಗುರಿಯನ್ನು ಶೇ 0.5ಕ್ಕೆ ಇಳಿಸಿದರು. ಸ್ವಪಕ್ಷದ ಬಂಡಾಯದ ಮುಂಚೂಣಿಯಲ್ಲಿ ನಿಂತವರು ಅದೇ ಆಂಡ್ರ್ಯೂ ಮಿಚೆಲ್. ಮಸೂದೆಯೊಂದಕ್ಕೆ ಅವರು ತಂದ ತಿದ್ದುಪಡಿಯನ್ನು ಸ್ಪೀಕರ್ ಲಿಂಡ್ಸೆ ಹಾಯ್ಲ್ ವಿಷಯಕ್ಕೆ ಹೊರಗೆಂದು ಬದಿಗಿಟ್ಟರೂ, ಸದನಕ್ಕೆ ನಿರ್ಣಯಿಸುವ ಅವಕಾಶ ಕೊಡಿರೆಂದು ಸರ್ಕಾರಕ್ಕೆ ಖಡಾಖಂಡಿತವಾಗಿ ಹೇಳಿದರು. 2021ರ ಜುಲೈ 13ರಂದು ಸರ್ಕಾರ 298ರ ವಿರುದ್ಧ 333 ಮತಗಳಿಂದ ಗೆದ್ದಿತು. ಮಾಜಿ ಪ್ರಧಾನಿ ಥೆರೆಸಾ ಮೇ ಸರ್ಕಾರದ ವಿರುದ್ಧ ಮತ ಹಾಕಿದರು.

ಅಷ್ಟರಲ್ಲಿ ಅಭಿವೃದ್ಧಿ ಇಲಾಖೆ 2020ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಇಲಾಖೆಯೊಂದಿಗೆ ವಿಲೀನವಾಗಿತ್ತು. ಅದರ ಸಮಿತಿಯನ್ನೂ ಮುಚ್ಚಬೇಕೆಂಬುದು ಸರ್ಕಾರದ ಮೊದಲ ಇರಾದೆ. ಸಂಸದರು ಪಟ್ಟು ಹಿಡಿದು ಉಳಿಸಿಕೊಂಡರು. ಉಳಿದದ್ದು ಉಪಯೋಗಕ್ಕೆ ಬಂತು, ಏಕೆಂದರೆ ನೆರವಿನ ಹಣ 2015ರಿಂದೀಚೆಗೆ ಹಲವು ಇಲಾಖೆಗಳಿಗೆ ಹಂಚಿಹೋಗುತ್ತಿತ್ತು. 2022ರಲ್ಲಿ ಒಟ್ಟು 1,280 ಕೋಟಿ ಪೌಂಡ್ ನೆರವಿನಲ್ಲಿ ಸುಮಾರು 370 ಕೋಟಿ ಬ್ರಿಟನ್ ಬಿಟ್ಟು ಹೊರಗೇ ಹೋಗಲಿಲ್ಲ; ನಿರಾಶ್ರಿತರ ವಸತಿಗೆ, ಬಹುಪಾಲು ಗೃಹ ಇಲಾಖೆಯ ಮೂಲಕ, ಖರ್ಚಾಯಿತು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಮೊದಲ ವರ್ಷದ ಇಂಥ ಖರ್ಚು ನೆರವೆಂದೇ ಲೆಕ್ಕ. ಹೋಟೆಲ್ ಬಿಲ್ಲುಗಳನ್ನು ಹೀಗೆ ಕಟ್ಟುವುದನ್ನು ಸಾರಾ ಚಾಂಪಿಯನ್ ಅಧ್ಯಕ್ಷತೆಯ ಸಮಿತಿಯೂ ಆಯೋಗವೂ ಕಟುವಾಗಿ ಟೀಕಿಸಿದವು.

2025ರ ಫೆಬ್ರವರಿ 25ರಂದು ಪ್ರಧಾನಿ ಕೀರ್ ಸ್ಟಾರ್ಮರ್ ರಕ್ಷಣಾ ವೆಚ್ಚ ಹೆಚ್ಚಿಸಲು ನೆರವನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಪ್ರಕಟಿಸಿದರು. ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ಮೂರು ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಈ ಕಡಿತಕ್ಕಾಗಿ 2015ರ ಕಾಯಿದೆಯನ್ನು ರದ್ದುಮಾಡುವ ಅಗತ್ಯ ಬೀಳಲಿಲ್ಲ; ಗುರಿ ತಪ್ಪಿದ ವರ್ಷ ಸಂಸತ್ತಿಗೆ ಒಂದು ಹೇಳಿಕೆ ಸಲ್ಲಿಸಿದರೆ ಕಾನೂನಿನ ಷರತ್ತು ಪೂರೈಸಿದಂತೆ.