ಪ್ಯಾನಿಕ್ ಅಟ್ಯಾಕ್ ಆದಾಗ ಕವರ್ ಒಳಗೆ ಉಸಿರಾಡಬೇಕೇ?

ಬೇಡ. ಎದೆ ಡವಡವ, ಏದುಸಿರು, ಬೆವರು, ಸತ್ತೇಹೋಗುತ್ತೇನೆಂಬ ಭಯ ಪ್ಯಾನಿಕ್ ಅಟ್ಯಾಕ್‌ನಲ್ಲೂ ಇರುತ್ತವೆ, ಹೃದಯಾಘಾತದಲ್ಲೂ ಇರಬಹುದು. ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ, ಕವರ್‌ನಲ್ಲಿ ಉಸಿರಾಡಿದಾಗ ಆಮ್ಲಜನಕ ಇನ್ನಷ್ಟು ಕುಗ್ಗಿ ಜೀವಕ್ಕೇ ಅಪಾಯ.

ಮೊದಲ ಬಾರಿ ಹೀಗಾದರೆ, ಅಥವಾ ಎಂದಿಗಿಂತ ಬೇರೆ ರೀತಿಯ ಎದೆನೋವಿದ್ದರೆ, 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ.

ಪ್ಯಾನಿಕ್ ಅಟ್ಯಾಕ್ ಎಂದೇ ವೈದ್ಯರು ಹೇಳಿದ್ದರೆ ನೆನಪಿಡಿ: ಅದು ಸಾಮಾನ್ಯವಾಗಿ 10 ನಿಮಿಷದೊಳಗೆ ತಾರಕಕ್ಕೇರಿ, ತಾನಾಗಿಯೇ ಇಳಿಯುತ್ತದೆ. ಕೂತು, ಮೂಗಿನಿಂದ ನಿಧಾನ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಡಿ. ಪಕ್ಕದಲ್ಲಿರುವವರು ‘ಏನೂ ಆಗಿಲ್ಲ, ಸುಮ್ನಿರು’ ಎನ್ನದೆ, ‘ನಾನಿದ್ದೀನಿ, ಕಡಿಮೆಯಾಗುತ್ತೆ’ ಎನ್ನಿ.

ಪದೇ ಪದೇ ಬಂದರೂ ಆಪ್ತಸಮಾಲೋಚನೆ, ಔಷಧಿಗಳಿಂದ ಹತೋಟಿಗೆ ತರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416: ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಲಭ್ಯ.